ಕಾಳು ಸೋರದ ಪೆಟ್ಟಿಗೆ

ಕಳೆದ ತಿಂಗಳು ನಮ್ಮ ಬಚ್ಚಲುಮನೆಗೆ ಹೊಸ ಟೈಲ್ಸ್ ಹಾಕಿಸುವಾಗ ಗಾರೆಯವನು ಗೂಡಿನಲ್ಲಿದ್ದ ಸಾಮಾನನ್ನೆಲ್ಲ ಒಂದು ಬಕೆಟ್ಟಿಗೆ ತುಂಬಿ ಹೊರಗಿಟ್ಟಿದ್ದ. ಅದರಲ್ಲಿ ನಮ್ಮ ಸೋಪಿನ ತಟ್ಟೆಯೂ ಇತ್ತು. ಅಂಗೈಯಗಲದ ದುಂಡನೆಯ ಅಲ್ಯೂಮಿನಿಯಂ ಮುಚ್ಚಳ, ನಡುವೆ ಏಳು ತೂತು, ಅಂಚಿನಲ್ಲಿ ಇನ್ನೂ ಬಿಡದ ಹಸಿರು ಬಣ್ಣದ ಹಕ್ಕಳೆ. ನೀರು ನಿಲ್ಲುವುದಿಲ್ಲ, ಸೋಪು ಕರಗುವುದಿಲ್ಲ ಎಂದು ನನ್ನ ಹೆಂಡತಿ ಅದನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಬಳಸಿದ್ದಳು. ತೂತೊಂದರಲ್ಲಿ ಜೋಳದ ಕಾಳು ಸಿಕ್ಕಿಕೊಂಡಿತ್ತು ಎಂದು ಬರೆಯಲು ನನ್ನ ಕೈ ಹೋಗುತ್ತಿದೆ. ಬರೆದರೆ ಮುಂದಿನದೆಲ್ಲ ಚೆಂದ ಕೂಡಿಕೊಳ್ಳುತ್ತದೆ. ಆದರೆ ಇರಲಿಲ್ಲ. ತೂತಿನಲ್ಲಿ ಇದ್ದದ್ದು ಸೋಪು.

ಅದು ಹುಟ್ಟಿನಿಂದ ಸೋಪಿನ ತಟ್ಟೆಯೇನೂ ಅಲ್ಲ. ಮಿಲಿಟರಿ ಲಾರಿಯ ಬೆನ್ನಿನ ಮೇಲೆ ಕೂರುತ್ತಿದ್ದ ಒಂದು ಪೆಟ್ಟಿಗೆಯ ಗಾಳಿಕಿಂಡಿಯ ಮುಚ್ಚಳ. ನನಗೆ ಅದನ್ನು ಕೊಟ್ಟವರು ಬಡಿಗಜ್ಜ. ಪ್ರೀತಿಯಿಂದ ಕೊಟ್ಟರೋ, ಚುಚ್ಚಲೆಂದು ಕೊಟ್ಟರೋ...

ತೊಂಬತ್ತರ ದಶಕದ ನಡುವಿನ ವರ್ಷಗಳು. ಹರಪನಹಳ್ಳಿಯಲ್ಲಿ ಕೊಟ್ಟೂರಿನ ಕಡೆ ಹೋಗುವ ರಸ್ತೆಗೆ ನನ್ನ ಟೈಪಿಂಗ್ ಶಾಲೆ ಇತ್ತು. ಆರು ಮಷೀನು, ಒಂದು ಗೋಡೆ ಗಡಿಯಾರ, ಸದಾ ಕಾರ್ಬನ್ ಹಾಳೆಯ ವಾಸನೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಬಡಿಗಜ್ಜ ಬಂಡಿ ಮಾಡುತ್ತಿದ್ದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲೂ ಅವರ ಕೈಯ ಬಂಡಿಗಳು ಓಡುತ್ತಿದ್ದವು. ಹೊಸ ಬಂಡಿ ಒಪ್ಪಿಸುವ ದಿನ ಅಲ್ಲೊಂದು ಪದ್ಧತಿ ಇತ್ತು. ಕೊಳ್ಳುವ ರೈತ ಒಂದು ಚೀಲ ಜೋಳ ತಂದು ಬಂಡಿಯೊಳಗೆ ಸುರಿಯುತ್ತಿದ್ದ. ಎತ್ತು ಕಟ್ಟಿ ಕೆರೆಯ ತನಕ ಹೋಗಿ ಬರಬೇಕು. ಹಿಂದಿನಿಂದ ಹತ್ತು ಜನ ನೆಲ ನೋಡುತ್ತ ನಡೆಯುತ್ತಿದ್ದರು. ಒಂದು ಕಾಳೂ ಬೀಳದಿದ್ದರೆ ಬಂಡಿ ಒಪ್ಪಿಗೆ, ಆ ಜೋಳ ಬಡಿಗನ ಮನೆಗೆ. ಬಡಿಗಜ್ಜನ ಮನೆಯಲ್ಲಿ ಅಂಗಡಿಯ ಜೋಳದ ರೊಟ್ಟಿ ತಿಂದೇ ಇಲ್ಲ ಎಂದು ಅವರ ಹೆಂಡತಿ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಟ್ರ್ಯಾಕ್ಟರ್ ಬಂತು, ಅದರ ಹಿಂದೆ ಕಬ್ಬಿಣದ ಟ್ರೇಲರ್ ಬಂತು. ಎರಡು ವರ್ಷ ಅವರ ಶೆಡ್ಡಿಗೆ ಯಾರೂ ಜೋಳದ ಚೀಲ ಹೊತ್ತು ಬರಲಿಲ್ಲ. ಅವರು ಬಾಗಿಲು ಚೌಕಟ್ಟು, ಮಂಚದ ಕಾಲು ಮಾಡುತ್ತ ಕೂತರು. ಒಂದು ದಿನ ನನ್ನ ಹೊಸ್ತಿಲ ಮೇಲೆ ಬಂದು ಕೂತು ಹೇಳಿದ್ದರು:

"ಬಾಗಲಾ ಎಲ್ಲಿಗೂ ಹೋಗಂಗಿಲ್ಲ ಮೇಷ್ಟ್ರೆ. ಎಲ್ಲಿಗೂ ಹೋಗದ್ದನ್ನ ಮಾಡಾಕ ನಾನ್ ಯಾಕ ಬೇಕು?"

ಹೂವಿನಕ್ಕ ಬಂದದ್ದು ಆ ದಿನಗಳಲ್ಲೇ. ಹಡಗಲಿಯಲ್ಲಿ ಆಕೆಗೆ ಮಲ್ಲಿಗೆ ತೋಟ. ಅಕ್ಕಪಕ್ಕದ ಹನ್ನೆರಡು ಮನೆಗಳ ಮೊಗ್ಗನ್ನೂ ಆಕೆಯೇ ಕೂಡಿಸಿ ದಾವಣಗೆರೆಗೆ ಕಳಿಸುತ್ತಿದ್ದಳು. ಬುಟ್ಟಿಗಳು ಬಸ್ಸಿನ ನೆತ್ತಿಯ ಮೇಲೆ ಬಿಸಿಲಲ್ಲಿ ಹೋಗುತ್ತಿದ್ದವು. ಒದ್ದೆ ಬಟ್ಟೆ ಸುತ್ತಿದರೂ ಇಳಿಸುವ ಹೊತ್ತಿಗೆ ಅರ್ಧ ಅರಳಿರುತ್ತಿತ್ತು, ಅರಳಿದ ಹೂವನ್ನು ಪೇಟೆಯವರು ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದರು. ಗಿಡ ಕಿತ್ತು ಮೆಕ್ಕೆಜೋಳ ಹಾಕುತ್ತೇವೆ ಎಂದು ಆರು ಮನೆಯವರು ಆಗಲೇ ನಿಂತಿದ್ದರಂತೆ. ಆಕೆ ಹಳೆಯದೊಂದು ಸಣ್ಣ ಲಾರಿ ಕೊಂಡಿದ್ದಳು. ಅದರ ಮೇಲೆ ಮೊಗ್ಗು ಮೊಗ್ಗಾಗಿಯೇ ಇಳಿಯುವಂಥ ಏನಾದರೂ ಬೇಕಿತ್ತು.

"ಬಂಡಿ ಮಾಡಿದೋನು ಪೆಟಗಿ ಮಾಡಾಕಿಲ್ಲೇನಜ್ಜ?"

"ಪೆಟಗಿ ಮಾಡಬಹುದವ್ವ. ತಂಪು ಎಲ್ಲಿಂದ ತರ್ಲಿ?"

ಇಲ್ಲಿ ನಾನು ಬಾಯಿ ಹಾಕಿದೆ. ಸೈನ್ಯದವರು ಬೇಡವಾದ ಲಾರಿಗಳ ಪೆಟ್ಟಿಗೆಗಳನ್ನು ಹರಾಜು ಹಾಕುವ ಪ್ರಕಟಣೆಯೊಂದನ್ನು ಪೇಪರಿನಲ್ಲಿ ನೋಡಿದ್ದೆ. ವೈರ್‌ಲೆಸ್ ಯಂತ್ರ ಕಾಯಬಾರದೆಂದು ಅವಕ್ಕೆ ಎರಡು ಪದರದ ಗೋಡೆ, ನಡುವೆ ನಾರಿನ ಮೆತ್ತೆ ಇರುತ್ತದೆ ಎಂದು ದೊಡ್ಡದಾಗಿ ವಿವರಿಸಿದೆ. ಇದನ್ನು ಎಲ್ಲಿ ತಿಳಿದಿದ್ದೆನೋ... ಊಹಿಸಿಯೇ ಹೇಳಿರಬಹುದು. ನಿಜವಾದದ್ದು ನನ್ನ ಅದೃಷ್ಟ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟೆ. ಅಜ್ಜನ ಜೊತೆ ರೈಲಿನಲ್ಲಿ ಆ ದೂರದ ಡಿಪೊಗೂ ಹೋದೆ.

ಬಯಲಿನ ತುಂಬ ಚಕ್ರವಿಲ್ಲದ, ಎಂಜಿನ್ನಿಲ್ಲದ ಹಸಿರು ಪೆಟ್ಟಿಗೆಗಳು ಕಲ್ಲಿನ ಮೇಲೆ ಕೂತಿದ್ದವು. ಹಸಿರು ಎನ್ನುತ್ತಿದ್ದೇನೆ, ಕೆಲವು ಮಣ್ಣಿನ ಬಣ್ಣದವೂ ಇದ್ದವೇನೋ. ಗುಜರಿ ವ್ಯಾಪಾರಿಗಳು ತೂಕದ ಲೆಕ್ಕದಲ್ಲಿ ನೋಡುತ್ತಿದ್ದರು. ಬಡಿಗಜ್ಜ ಮಾತ್ರ ಕುಂಬಳಕಾಯಿ ಆರಿಸುವವರ ಹಾಗೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಮುಂದೆ ಸಾಗಿದರು. ಕೊನೆಗೆ ಒಂದರೊಳಗೆ ಹೊಕ್ಕು ಬಾಗಿಲು ಎಳೆದುಕೊಂಡರು. ನೆತ್ತಿ ಸುಡುವ ಬಿಸಿಲು. ನಾನು ಹೊರಗೆ ಬೆವರುತ್ತ ನಿಂತೆ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು.

"ಬರ್ರಿ ಮೇಷ್ಟ್ರೆ, ಒಳಗ ಮಾಘಮಾಸ ಐತಿ."

ಒಳಗೆ ರಬ್ಬರು, ಹಳೆ ಎಣ್ಣೆಯ ವಾಸನೆ. ಮಡಚುವ ಮೇಜು, ಯಂತ್ರ ಕೂರಿಸುತ್ತಿದ್ದ ಕಬ್ಬಿಣದ ಅಡ್ಡೆಗಳು. ನೆಲದ ಮಟ್ಟದಲ್ಲಿ ನಾಲ್ಕು ದುಂಡನೆಯ ಕಿಂಡಿ, ಮೇಲೆ ಎರಡು, ಎಲ್ಲಕ್ಕೂ ತೂತಿನ ಮುಚ್ಚಳ. ಬಾಗಿಲ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಸಣ್ಣ ಫಲಕ. ಏನು ಬರೆದೈತಿ ಎಂದು ಅಜ್ಜ ಕೇಳಿದರು. ಮನಸ್ಸಿನಲ್ಲೇ ಓದಿಕೊಂಡೆ: ಒಳಗೆ ಜನರಿರುವಾಗ ಗಾಳಿಕಿಂಡಿಗಳನ್ನು ಮುಚ್ಚಬಾರದು. "ಅದು ಸಿಪಾಯಿಗಳಿಗೆ ಬರೆದದ್ದು, ನಮಗಲ್ಲ" ಎಂದೆ. ಕನ್ನಡದಲ್ಲಿ ಹೇಳುವ ಗೋಜಿಗೇ ಹೋಗಲಿಲ್ಲ. ಈ ಮಾತನ್ನು ಬರೆಯುವುದನ್ನು ತಪ್ಪಿಸಿಕೊಳ್ಳಲು ಎರಡು ದಿನದಿಂದ ಬೇರೆ ಬೇರೆ ಪ್ಯಾರಾ ಬರೆದು ಹೊಡೆದು ಹಾಕಿದ್ದೇನೆ.

ಪೆಟ್ಟಿಗೆ ಬೇರೆ ಲಾರಿಯ ಮೇಲೆ ಹರಪನಹಳ್ಳಿಗೆ ಬಂದಾಗ ಶೆಡ್ಡಿನ ಮುಂದೆ ಜನ ಸೇರಿತು.

"ಒಳಗ ಬಾಂಬ್ ಐತೇನಜ್ಜ?"

"ಐತಿ. ನಿನ್ನ ಮದಿವಿಗೆ ಹಾರಿಸಾಕ ಇಟ್ಟೀನಿ, ದೂರ ನಿಲ್ಲಲೇ."

ಅಜ್ಜನ ಬೆನ್ನು ಆ ತಿಂಗಳು ನೆಟ್ಟಗಾಯಿತು. ಕಬ್ಬಿಣದ ಅಡ್ಡೆಗಳನ್ನು ಬಿಚ್ಚಿ ಎಸೆದರು. ಬೇವಿನ ಪಟ್ಟಿಗಳನ್ನು ಮೊಳೆಯಿಲ್ಲದೆ ಕಚ್ಚು ಕೂಡಿಸಿ ಮೂರು ಅಂತಸ್ತಿನ ಅಟ್ಟ ಮಾಡಿದರು, ಬುಟ್ಟಿಯ ಮೇಲೆ ಬುಟ್ಟಿಯ ಭಾರ ಬೀಳದಂತೆ. ಬಾಗಿಲಿನ ರಬ್ಬರ್ ಬದಲಾಯಿಸಿದರು. ಪೆಟ್ಟಿಗೆಯನ್ನು ಸಣ್ಣ ಲಾರಿಯ ಮೇಲೆ ಕೂರಿಸಿ ಬಿಗಿದರು. ಒಪ್ಪಿಸುವ ಹಿಂದಿನ ದಿನ ಯಾರೂ ಹೇಳದೆಯೇ ಅವರಿಗೆ ಹೊಳೆದದ್ದು ಜೋಳದ ಚೀಲ. ಒಳಗೆ ಸುರಿದರು. ಲಾರಿ ಕೆರೆಯ ತನಕ ಹೋಗಿ ಬಂತು. ನೆಲದ ಕಿಂಡಿಗಳಿಂದ ದಾರಿಯುದ್ದಕ್ಕೂ ಕಾಳು ಸೋರಿತ್ತು.

ಅವರ ಮುಖ ಸಪ್ಪಗಾದದ್ದು ನನಗೆ ಕಾಣಿಸುತ್ತಿದೆ. ನಲವತ್ತು ವರ್ಷದಲ್ಲಿ ಅವರ ಬಂಡಿಯಿಂದ ಕಾಳು ಬಿದ್ದಿರಲಿಲ್ಲ. ರಾತ್ರಿಯ ಊಟಕ್ಕೆ ಮುಂಚೆ ಆರೂ ಕಿಂಡಿಗಳಿಗೆ ತಗಡು ಬಡಿದು, ಅಂಚಿಗೆ ಮೇಣ ಮೆತ್ತಿದರು. ಮರುದಿನ ಹೂವಿನಕ್ಕನ ಎದುರಿಗೇ ಮತ್ತೆ ಜೋಳ ಸುರಿದರು. ಒಂದು ಕಾಳೂ ಬೀಳಲಿಲ್ಲ. ಜನ ಸಿಳ್ಳೆ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ. ಫಲಕ ಓದಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.

ಎರಡು ದಿನದ ಮೇಲೆ ಹೂವಿನಕ್ಕ ದಾವಣಗೆರೆಯಿಂದ ಹಿಂದಿರುಗುವಾಗ ಲಾರಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿದಳು. ಇಳಿದು ಬಂದು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹೂವನ್ನು ಅಜ್ಜನ ಅಂಗೈಗೆ ಹಾಕಿದಳು. ಹಂಚಿನ ಮೇಲೆ ಹುರಿದ ಹಾಗೆ ಕಂದು ಬಣ್ಣ. ಬಾಗಿಲು ತೆರೆದಾಗ ಇಡ್ಲಿ ಪಾತ್ರೆಯ ಹಾಗೆ ಹಬೆ ಎದ್ದಿತಂತೆ. ಹನ್ನೆರಡು ಮನೆಯ ಹೂವು.

"ಜ್ವಾಳ ಸತ್ತಿದ್ದಜ್ಜ, ಉಸಿರು ಬೇಡ ಅದಕ್ಕ. ಇದು ಜೀವ ಇದ್ದದ್ದು."

ಆಕೆ ಲಾರಿ ಹತ್ತುವ ಮುಂಚೆ ತಿರುಗಿ ನಿಂತು ಹೇಳಿದಳು, ಇನ್ನೊಂದು ಸಲ ನೋಡುತ್ತೇನೆ, ಆಗಲೂ ಕೆಟ್ಟರೆ ಈ ಪೆಟ್ಟಿಗೆ ಗುಜರಿಗೆ, ಆರು ಮನೆಯ ಗಿಡಗಳು ಒಲೆಗೆ. ಅದಾದ ಮೇಲೆ ಅಜ್ಜ ಮೂರು ದಿನ ಶೆಡ್ಡು ತೆರೆಯಲಿಲ್ಲ ಎಂದು ನನ್ನ ನೆನಪು. ಅವರ ಹೆಂಡತಿಯ ಪ್ರಕಾರ ಅವತ್ತು ಮಧ್ಯಾಹ್ನದ ಊಟಕ್ಕೇ ಎದ್ದು ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಆಕೆಯದೇ ಸರಿ ಇರಬೇಕು. ಮೂರು ದಿನ ಮುಖ ತೋರಿಸದೆ ಇದ್ದವನು ನಾನು.

ನಾಲ್ಕನೆಯ ದಿನ ಹೋಗಿ ಫಲಕದ ಮಾತನ್ನು ಕನ್ನಡದಲ್ಲಿ ಹೇಳಿದೆ. ಅಜ್ಜ ಕೇಳಿಸಿಕೊಂಡು, ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇದನ್ನ ಅವತ್ತ ಹೇಳಾಕ ನಿಮಗೇನ್ ರೋಗ ಬಂದಿತ್ರಿ?"

"ಜನರಿಗೆ ಅಂತ ಬರೆದಿತ್ತು ಅಜ್ಜ. ಹೂವಿಗೆ ಅಂತ ಅಲ್ಲ."

"ಹೂವು ಮಂದಿ ಅಲ್ಲೇನ್ರಿ?"

ಲಾರಿಯನ್ನು ಮತ್ತೆ ಶೆಡ್ಡಿಗೆ ತರಿಸಿಕೊಂಡು ತಗಡುಗಳನ್ನು ಅವರೇ ಕಿತ್ತರು. ಮುಚ್ಚಳಗಳನ್ನೂ ಬಿಚ್ಚಿದರು, ಏಳು ತೂತಿನ ಗಾಳಿ ಸಾಲದೆಂದು. ಅಲ್ಲಿಗೆ ಸೊಳ್ಳೆ ಜಾಲರಿ ಕೂರಿಸಿ, ಕೆಳಗಿನ ನಾಲ್ಕಕ್ಕೆ ಒದ್ದೆ ಗೋಣಿತಟ್ಟು ಇಳಿಬಿಟ್ಟರು. ಲಾರಿ ಓಡಿದಾಗ ಗಾಳಿ ತಂಪಾಗಿ ಒಳಗೆ ನುಗ್ಗಿ ಮೇಲಿನ ಎರಡರಿಂದ ಹೊರಗೆ ಹೋಗಬೇಕು. ಒಂದು ಮುಚ್ಚಳವನ್ನು ನನ್ನ ಟೈಪಿಂಗ್ ಮೇಜಿನ ಮೇಲೆ ಟಣ್ ಎಂದು ಇಟ್ಟು ಹೋದರು. "ಇಟ್ಕೊಳ್ರಿ ಮೇಷ್ಟ್ರೆ. ಇಂಗ್ಲಿಷ್ ಓದಾಕ ಬರ್ತೈತಲ್ಲ ನಿಮಗ" ಎಂದರು.

ಎರಡನೆಯ ಸಲ ಹಡಗಲಿಯಲ್ಲಿ ಬುಟ್ಟಿಗಳನ್ನು ಏರಿಸಿದ್ದು ಬೆಳಕು ಹರಿದ ಮೇಲೆ. ಹನ್ನೆರಡು ಮನೆಯವರೂ ಬಂದು ನಿಂತಿದ್ದರು, ಯಾರ ಮುಖದಲ್ಲೂ ನಂಬಿಕೆ ಇರಲಿಲ್ಲ. ಕೊನೆಯ ಬುಟ್ಟಿ ಒಳಗೆ ಹೋದ ಮೇಲೆ ಬಡಿಗಜ್ಜ ಪಂಚೆ ಎತ್ತಿ ಕಟ್ಟಿ, ಕೊಡತಿ ಹಿಡಿದು ತಾವೂ ಒಳಗೆ ಹತ್ತಿದರು.

"ಜ್ವಾಳ ಹಾಕಿ ನೋಡೋದು ಮುಗೀತು. ಈಗ ನನ್ನ ಹಾಕಿ ನೋಡ್ರಿ."

ಹೂವಿನಕ್ಕ ಬಾಗಿಲು ಹಿಡಿದುಕೊಂಡಳು. "ನಿನಗೇನರ ಆದ್ರ ಅಜ್ಜಿಗೆ ಏನಂತ ಹೇಳ್ಲಿ ನಾನು?"

"ಮಲ್ಲಿಗಿ ಒಳಗ ಹೋದ ಅಂತ ಹೇಳು. ಅಂಥಾ ಸಾವು ಯಾರಿಗೂ ಸಿಗಂಗಿಲ್ಲ ಅಂತಾಳ. ಹಾಕವ್ವ ಬಾಗ್ಲಾ."

ಕ್ಯಾಬಿನ್ನಿನಲ್ಲಿ ಡ್ರೈವರ್, ಹೂವಿನಕ್ಕ, ನಾನು. ಒಪ್ಪಂದ ಹೀಗಿತ್ತು: ಮೈಲಿಗಲ್ಲಿಗೊಮ್ಮೆ ನಾನು ಕ್ಯಾಬಿನ್ನಿನ ಹಿಂದಿನ ತಗಡನ್ನು ಎರಡು ಸಲ ಬಡಿಯಬೇಕು, ಅವರು ಒಳಗಿನಿಂದ ಕೊಡತಿಯಲ್ಲಿ ಎರಡು ಸಲ ಬಡಿಯಬೇಕು. ಹರಪನಹಳ್ಳಿ ದಾಟುವ ತನಕ ಉತ್ತರ ಬಂತು. ಅವರ ಶೆಡ್ಡಿನ ಊರು ಬಂದದ್ದು ತಿಳಿಯಿತೋ ಏನೋ, ಅಲ್ಲಿ ನಾಲ್ಕು ಸಲ ಬಡಿದರು. ಬಿಸಿಲು ಏರಿತು. ಉಚ್ಚಂಗಿದುರ್ಗದ ಗುಡ್ಡ ಬದಿಗೆ ಕಾಣಿಸುವ ಹೊತ್ತಿಗೆ ನಾನು ಬಡಿದೆ, ಉತ್ತರವಿಲ್ಲ. ಮತ್ತೆ ಬಡಿದೆ. ಹೂವಿನಕ್ಕ ತನ್ನ ಬಳೆಗೈಯಿಂದ ಬಡಿದಳು. ಇಲ್ಲ...

ಲಾರಿ ನಿಂತಿತು. ಹಿಂದಕ್ಕೆ ಓಡಿದ ಆ ಹತ್ತು ಹೆಜ್ಜೆಯಲ್ಲಿ ನಾನು ಏನು ಯೋಚಿಸಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬಾಗಿಲಿನ ಹಿಡಿಕೆ ಬಿಸಿಯಾಗಿತ್ತು ಎಂಬುದೊಂದೇ ಕೈಗೆ ನೆನಪಿದೆ. ತೆರೆದಾಗ ತಣ್ಣನೆಯ, ಒದ್ದೆ ಗೋಣಿಯ ವಾಸನೆ ಮುಖಕ್ಕೆ ಬಡಿಯಿತು. ಬಡಿಗಜ್ಜ ಬುಟ್ಟಿಗಳ ನಡುವೆ ಕಾಲು ಚಾಚಿ, ಬೇವಿನ ಪಟ್ಟಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು.

ಹೂವಿನಕ್ಕ ಅಳುತ್ತಲೇ ಬೈದಳು. "ಮುದುಕಾ, ಜೀವ ಬಾಯಿಗೆ ಬಂದಿತ್ತಲ್ಲೋ ನಮದು!"

ಅಜ್ಜ ಒಂದು ಕಣ್ಣು ತೆರೆದರು. "ಮೊದ್ಲು ಬಾಗ್ಲಾ ಹಾಕ್ರಿ. ಮೊಗ್ಗು ಎಚ್ಚರ ಆಗ್ತಾವ."

ದಾವಣಗೆರೆಯಲ್ಲಿ ಬುಟ್ಟಿಗಳ ಬಟ್ಟೆ ಸರಿಸಿದಾಗ ಮೊಗ್ಗುಗಳು ಹಾಲುಹಲ್ಲಿನ ಹಾಗೆ ಬಿಗಿದುಕೊಂಡಿದ್ದವು. ಪೇಟೆಯ ಮುದುಕನೊಬ್ಬ ಒಂದು ಮೊಗ್ಗನ್ನು ಚಿವುಟಿ ನೋಡಿ, ಮೇಲಿನಿಂದ ಕೆಳಗಿನ ತನಕ ಮಲ್ಲಿಗೆ ಮೆತ್ತಿಕೊಂಡು ನಿಂತಿದ್ದ ಅಜ್ಜನನ್ನೂ ನೋಡಿ, ಇವರೂ ಮಾರಾಟಕ್ಕೇನು ಎಂದು ಕೇಳಿದ. ಆ ವರ್ಷ ಹಡಗಲಿಯಲ್ಲಿ ಆ ಆರು ಮನೆಯವರು ಗಿಡ ಕೀಳಲಿಲ್ಲ.

ಆಮೇಲೆ ಅಜ್ಜ ಡಿಪೊಗೆ ಹಲವು ಸಲ ಹೋದರು. ಹಗರಿಬೊಮ್ಮನಹಳ್ಳಿಯವನೊಬ್ಬನಿಗೆ ಪಂಪ್‌ಸೆಟ್ ರಿಪೇರಿಯ ಗಾಡಿ, ಕೂಡ್ಲಿಗಿಯ ಬಟ್ಟೆ ವ್ಯಾಪಾರಿಗೆ ಸಂತೆ ಸುತ್ತುವ ಅಂಗಡಿ. ಏಳು ಪೆಟ್ಟಿಗೆ ಆಗಿರಬೇಕು, ಎಂಟೂ ಇರಬಹುದು. ಕೊಡುವ ಮುಂಚೆ ಅವರು ಒಳಗೆ ಕೂತು ಬಾಗಿಲು ಹಾಕಿಸಿಕೊಂಡು ಒಂದು ಸುತ್ತು ಬರಬೇಕು, ಅದೇ ಹೊಸ ಪದ್ಧತಿಯಾಯಿತು. ಅಂಗಡಿ ಗಾಡಿಗೆ ಅದರ ಅಗತ್ಯವೇ ಇರಲಿಲ್ಲ. ಆದರೂ ಕೊಳ್ಳುವವರು ಬಿಡುತ್ತಿರಲಿಲ್ಲ. ಇಳಿದಾಗ ಒಂದು ಚೀಲ ಜೋಳ ಕೈಗಿಡುತ್ತಿದ್ದರು.

ಕಂಪ್ಯೂಟರ್ ಬಂದು ನನ್ನ ಆರು ಮಷೀನುಗಳು ಮೂಲೆ ಸೇರಿದವು. ಎರಡು ಸಾವಿರದ ಆಚೆ ನಾನು ದಾವಣಗೆರೆಗೆ ಬಂದುಬಿಟ್ಟೆ. ಬಡಿಗಜ್ಜ ಹೋದ ಸುದ್ದಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದಾಗ ತಿಂಗಳು ಕಳೆದಿತ್ತು. ಹೋಗಿ ಅಜ್ಜಿಯನ್ನು ಮಾತಾಡಿಸಬೇಕಿತ್ತು. ಹೋಗಲಿಲ್ಲ. ಈಗ ಅಜ್ಜಿಯೂ ಇಲ್ಲ, ಶೆಡ್ಡೂ ಇಲ್ಲ. ನನ್ನ ತಪ್ಪನ್ನು ಅಜ್ಜ ಒಮ್ಮೆ ಬೈದದ್ದು ಬಿಟ್ಟರೆ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲವೆಂದು ಇಷ್ಟು ವರ್ಷದ ಮೇಲೆ ಹೊಳೆಯುತ್ತಿದೆ.

ಮೊನ್ನೆ ಮುಚ್ಚಳವನ್ನು ತೊಳೆದು ಜೇಬಿಗಿಟ್ಟು ಹಡಗಲಿಗೆ ಹೋದೆ. ಹೂವಿನಕ್ಕ ಈಗ ಹಾಸಿಗೆ ಹಿಡಿದಿದ್ದಾಳೆ, ತೋಟ ಮಗಳು ನೋಡುತ್ತಾಳೆ. ಹೂವು ಈಗ ಮಂಜುಗಡ್ಡೆಯ ಡಬ್ಬಿಗಳಲ್ಲಿ ಹೋಗುತ್ತದೆ. ಪೆಟ್ಟಿಗೆಯನ್ನು ಲಾರಿಯಿಂದ ಇಳಿಸಿ ಮಲ್ಲಿಗೆ ಸಾಲುಗಳ ನಡುವೆ ಕಲ್ಲಿನ ಮೇಲೆ ಕೂರಿಸಿದ್ದಾರೆ. ಡಿಪೊದಲ್ಲಿ ಮೊದಲು ಕಂಡಾಗ ಹೇಗೆ ಕೂತಿತ್ತೋ ಹಾಗೆ. ಜಾಲರಿ ತುಕ್ಕು ಹಿಡಿದಿತ್ತು. ಮುಚ್ಚಳವನ್ನು ಕಿಂಡಿಗೆ ಹಿಡಿದು ನೋಡಿದೆ. ಕೂರಲಿಲ್ಲ, ತಿರುಪಿನ ತೂತುಗಳು ಸವೆದು ಅಗಲವಾಗಿದ್ದವು. ಇನ್ನೂ ಹಲವು ವರ್ಷ ಸೋಪಿನ ತಟ್ಟೆಯಾಗಿಯೇ ಇರಲಿ ಎಂದುಕೊಂಡೆ.

ಹೊರಡುವಾಗ ಯಾಕೋ ಕೈ ತಾನಾಗಿ ಹೋಗಿ ಆ ತಗಡಿನ ಗೋಡೆಯನ್ನು ಎರಡು ಸಲ ಬಡಿಯಿತು.

"ಯಾರ್ರೀ ಅದು?" ಒಳಗಿನಿಂದ ಹೆಂಗಸಿನ ದನಿ. ಬಿಸಿಲ ಹೊತ್ತಿಗೆ ಹೂ ಬಿಡಿಸುವವರು ಅಲ್ಲಿ ಕೂತು ಮಾಲೆ ಕಟ್ಟುತ್ತಾರೆಂದು ನನಗೆ ತಿಳಿದಿರಲಿಲ್ಲ. "ಬಿಸಲಾಗ ಯಾಕ ನಿಂತೀರಿ? ಬಾಗ್ಲಾ ತಗದೇ ಐತಿ, ಬರ್ರಿ ಒಳಗ, ತಂಪೈತಿ."