ಬೋಳು ತಲೆ ಹೊತ್ತು ಅಬ್ಬಾಸಿಯಾಕ್ಕೆ

ಗುರುವಾರ ಬೆಳಿಗ್ಗೆ ಕುವೈತಿನ ಮೀನಾ ಅಬ್ದುಲ್ಲಾದ ನಮ್ಮ ಕ್ಯಾಂಪಿನಿಂದ ಹೊರಡುವ ಹೊತ್ತಿಗೆ ನಾನು ಇಬ್ಬರಿಗೆ ಸುಳ್ಳು ಹೇಳಿ ಮುಗಿಸಿದ್ದೆ. ಸೂಪರ್‌ವೈಸರನಿಗೆ ಹಲ್ಲು ಕೀಳಿಸಬೇಕು ಎಂದಿದ್ದೆ. ಊರಲ್ಲಿದ್ದ ಅವ್ವನಿಗೆ, ರಿಫೈನರಿಯಲ್ಲಿ ಶಟ್‌ಡೌನ್ ಕೆಲಸ ನಡೆದಿದೆ, ಒಳಗೆ ಫೋನು ಒಯ್ಯಲು ಬಿಡುವುದಿಲ್ಲ, ಸೋಮವಾರದ ತನಕ ಕರೆ ಮಾಡಬೇಡ ಎಂದಿದ್ದೆ. ನಿಜವಾಗಿ ನಾನು ಹೊರಟಿದ್ದು ಸಾಲ್ಮಿಯಾದ ಒಂದು ಕ್ಲಿನಿಕ್ಕಿಗೆ, ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಳ್ಳಲು.

ಆಗ ನನಗೆ ಇಪ್ಪತ್ತೇಳು. ಗದಗದ ಕಡೆಯವನು, ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್ ಆಗಿ ಬಂದು ಮೂರು ವರ್ಷವಾಗಿತ್ತು. ಬಿಸಿಲು, ಹೆಲ್ಮೆಟ್ಟು, ಇಲ್ಲಿಯ ನೀರು ಎಂದು ಎಲ್ಲರ ಹಾಗೆ ನಾನೂ ಕುವೈತನ್ನೇ ದೂರುತ್ತಿದ್ದೆ. ಆದರೆ ನನ್ನದು ಅಪ್ಪನ ತಲೆ, ಅಪ್ಪನದು ಅಜ್ಜನ ತಲೆ. ಅದು ಎಲ್ಲಿದ್ದರೂ ಉದುರುವಂಥದ್ದೇ. ಮೂರೇ ವರ್ಷದಲ್ಲಿ ಹಣೆ ನೆತ್ತಿಯವರೆಗೆ ಹೋಗಿ ಮುಟ್ಟಿತು. ಕ್ಯಾಂಪಿನ ಮೆಸ್ಸಿನಲ್ಲಿ ನನ್ನ ವಯಸ್ಸಿನವರೇ ನನ್ನನ್ನು ಚಾಚಾ ಎನ್ನತೊಡಗಿದರು. ಊರಲ್ಲಿ ಕನ್ಯೆ ನೋಡಿದ್ದ ಒಂದು ಮನೆಯವರು ನನ್ನ ಫೋಟೊ ನೋಡಿ, "ಇದು ಹುಡುಗನ ಅಣ್ಣಂದು ಇರಬೇಕು, ಹುಡುಗಂದು ಕಳಸ್ರಿ" ಅಂದರಂತೆ. ಅವ್ವ ಇದನ್ನು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಇದಕ್ಕಿಂತ ಚುಚ್ಚುವ ಸಂಗತಿ ಇನ್ನೊಂದಿತ್ತು. ಹಿಂದಿನ ತಿಂಗಳು ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದರು. ರಜೆ ಕೇಳಿದ್ದೆ, ಸಿಕ್ಕಿರಲಿಲ್ಲ. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು, ಕೆಲಸ ಮುಗಿಯದೆ ಕಪಾಟು ತೆರೆಯುವಂತಿರಲಿಲ್ಲ. ಅಂದಿನಿಂದ ಊರಿನ ಕರೆ ಬಂದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಅಪ್ಪನನ್ನು ನೋಡಲು ಸಿಗದ ರಜೆ ತಲೆಗೆ ಮಾತ್ರ ಸಿಕ್ಕಿತು: ಶುಕ್ರ, ಶನಿ ವಾರದ ರಜೆ, ಭಾನುವಾರ ಮತ್ತು ಸೋಮವಾರ ಕುವೈತಿನ ರಾಷ್ಟ್ರೀಯ ದಿನದ ರಜೆ. ಕ್ಲಿನಿಕ್ಕಿನ ಮುಂಗಡವನ್ನು ಅಪ್ಪ ಹಾಸಿಗೆ ಹಿಡಿಯುವ ಮೊದಲೇ ಕೊಟ್ಟಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಕ್ಯಾಂಪಿನ ಬಸ್ಸು ಫಹಾಹೀಲಿನ ತನಕ ಬಿಟ್ಟಿತು. ಅಲ್ಲಿಂದ ಸಾಲ್ಮಿಯಾಕ್ಕೆ ಮುನ್ನೂರು ಫಿಲ್ಸಿನ ಟಿಕೆಟು. ಫೆಬ್ರುವರಿಯ ಗಾಳಿ ಜಾಕೀಟು ಬೇಡುವಷ್ಟು ತಣ್ಣಗಿತ್ತು. ಬಲಗಡೆ ಆಗಾಗ ಸಮುದ್ರ ಕಾಣುತ್ತಿತ್ತು, ರಸ್ತೆಯ ದೀಪದ ಕಂಬಗಳಿಗೆಲ್ಲ ಬಾವುಟ ಕಟ್ಟಿದ್ದರು. ದಾರಿಯಲ್ಲಿ ಅವ್ವ ಕರೆ ಮಾಡಿದರೆ ದನಿ ಕೇಳಿಯೇ ಸುಳ್ಳು ಹಿಡಿಯುತ್ತಾಳೆಂದು ಹೆದರಿ ಫೋನು ಬಂದ್ ಮಾಡಿದೆ.

ಕ್ಲಿನಿಕ್ಕು ಒಂದು ಅತ್ತರಿನ ಅಂಗಡಿಯ ಮೇಲಿತ್ತು. ಸಿರಿಯಾದ ಡಾಕ್ಟರು ನನ್ನ ಹಣೆಯ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದು, ಕನ್ನಡಿ ಹಿಡಿದು, ಇಲ್ಲಿಂದ ಶುರು ಮಾಡೋಣವೇ ಎಂದು ಕೇಳಿದರು. ನಾನು ಇನ್ನಷ್ಟು ಕೆಳಗೆ ಅಂದೆ. ಅವರು ನಕ್ಕು, ಇದ್ದ ಬಂಡವಾಳ ಇಷ್ಟೇ ಎಂಬಂತೆ ಕೈ ಆಡಿಸಿದರು. ಆಮೇಲೆ ಮಶೀನಿನಿಂದ ತಲೆಯನ್ನು ಪೂರ್ತಿ ಬೋಳಿಸಿದರು. ಅಳಿದುಳಿದ ಕೂದಲೂ ನೆಲಕ್ಕೆ ಬಿದ್ದಾಗ, ಇದ್ದದ್ದೂ ಹೋಯಿತಲ್ಲ ಎಂದುಕೊಂಡೆ.

ಮರಗಟ್ಟಿಸುವ ಸೂಜಿ ನೆತ್ತಿಗೆ ಚುಚ್ಚಿದಾಗ "ಅಯ್ಯಯ್ಯೋ ಅವ್ವಾ" ಎಂದು ಕೂಗಿಬಿಟ್ಟೆ. ಟ್ರೇ ಹಿಡಿದು ನಿಂತಿದ್ದ ನರ್ಸು ಬಗ್ಗಿ ನನ್ನ ಮುಖ ನೋಡಿದರು.

"ಓ, ನೀವು ಕನ್ನಡದವರಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಹೆದರುದು ಬೇಡ, ನೋವು ಇಷ್ಟೇ, ಇನ್ನು ಎಂತ ಮಾಡಿದ್ರೂ ಗೊತ್ತಾಗುದಿಲ್ಲ."

ಅವರ ಹೆಸರು ಲವೀನಾ, ಉಡುಪಿಯ ಕಡೆಯವರು. ಮನೆಯಲ್ಲಿ ಕೊಂಕಣಿ, ಕ್ಲಿನಿಕ್ಕಿನಲ್ಲಿ ಅರಬ್ಬಿ, ನನ್ನ ಜೊತೆ ಆ ಇಡೀ ದಿನ ಕನ್ನಡ. ಅರ್ಧ ದಿನ ನಾನು ಬೋರಲಾಗಿ ಮಲಗಿದ್ದೆ. ತಲೆಯ ಹಿಂಭಾಗದಿಂದ ಒಂದೊಂದೇ ಕೂದಲನ್ನು ಬೇರುಸಮೇತ ಕಿತ್ತು ತಣ್ಣನೆಯ ನೀರಿನ ತಟ್ಟೆಯಲ್ಲಿಟ್ಟರು. ಮಧ್ಯಾಹ್ನ ಲವೀನಾ ತಮ್ಮ ಡಬ್ಬಿಯ ಎರಡು ಇಡ್ಲಿ ಕೊಟ್ಟರು. ಉಳಿದರ್ಧ ದಿನ ಅಂಗಾತ ಮಲಗಿಸಿ, ಹಣೆಯ ಮೇಲೆ ಸಣ್ಣ ಸಣ್ಣ ತೂತು ಮಾಡಿ, ಊರಲ್ಲಿ ಮೆಣಸಿನ ಸಸಿ ಹಚ್ಚುವ ಹಾಗೆ ಅವನ್ನೇ ಮುಂದೆ ಹಚ್ಚಿದರು. ಸಂಜೆ ಡಾಕ್ಟರು ಕೈಗವಸು ಕಳಚಿ "ಖಲಾಸ್" ಅಂದರು.

ಮುಂದಿನ ಮೂರು ರಾತ್ರಿ ಕ್ಲಿನಿಕ್ಕಿನ ಹತ್ತಿರದ ಒಂದು ಬಾಡಿಗೆ ಕೋಣೆಯಲ್ಲಿ ಕಳೆದೆ. ಮಲಗುವಂತಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ. ಎಚ್ಚರವಾದಾಗಲೆಲ್ಲ ತಲೆಗೆ ಉಪ್ಪುನೀರಿನ ತುಂತುರು. ಖುಬ್ಬೂಸ್ ಎಂಬ ಅರಬ್ಬಿ ರೊಟ್ಟಿ, ಮೊಸರು, ಕಿತ್ತಳೆ ಹಣ್ಣು ಇಷ್ಟೇ ಆಹಾರ. ಲವೀನಾ ನಡುವೆ ಒಂದು ದಿನ ತಲೆಯ ಹಿಂದಿನ ಪಟ್ಟಿ ಬಿಚ್ಚಿದರು, ಭಾನುವಾರ ಬೆಳಿಗ್ಗೆ ಮೊದಲ ಸಲ ತಲೆ ತೊಳೆದರು. ಕನ್ನಡಿಯಲ್ಲಿ ನೋಡಿದೆ. ಹಣೆಯ ಬಾವು ಕಣ್ಣಿಗೆ ಇಳಿದು ಎರಡೂ ರೆಪ್ಪೆ ಉಬ್ಬಿದ್ದವು. ವಾರವಿಡೀ ಅತ್ತವನ ಮುಖವದು.

"ಇದು ಎಲ್ಲರಿಗೂ ಆಗುದೇ, ಎರಡು ದಿನದಲ್ಲಿ ಇಳೀತದೆ" ಅಂದರು ಲವೀನಾ. ಒಂದು ಸಡಿಲ ಟೊಪ್ಪಿಗೆ ಹಾಕಿ, "ತಲೆ ಬಗ್ಗಿಸುದಲ್ಲ, ಎಂತದೂ ತಾಗಿಸುದಲ್ಲ ಆಯ್ತಾ? ಮತ್ತೆ ಇವತ್ತು ರಸ್ತೆಯಲ್ಲಿ ನೊರೆ ಹೊಡೀತಾರೆ, ಜಾಗ್ರತೆ" ಎಂದರು.

ಅಬ್ಬಾಸಿಯಾದಲ್ಲಿ ನನ್ನೂರಿನವನೇ ಆದ ಗೆಳೆಯ ಶ್ರೀಶೈಲನ ರೂಮಿತ್ತು. ರಾಷ್ಟ್ರೀಯ ದಿನದಂದು ಜೋಳದ ರೊಟ್ಟಿ ಮಾಡುತ್ತೇವೆ, ಊಟಕ್ಕೆ ಬಾ ಎಂದು ವಾರದ ಹಿಂದೆಯೇ ಕರೆದಿದ್ದ. ಆಪರೇಶನ್ನಿನ ಸುದ್ದಿ ಅವನಿಗೂ ಹೇಳಿರಲಿಲ್ಲ. ಒಂದು ರಾತ್ರಿ ಅಲ್ಲೇ ಕಳೆದು ಸೋಮವಾರ ಕ್ಯಾಂಪಿಗೆ ಮರಳುವುದೆಂದು ಟ್ಯಾಕ್ಸಿ ಹಿಡಿದೆ. ಚಾಲಕ ಪೇಶಾವರದ ಕಡೆಯ ಪಠಾಣ. ಟೊಪ್ಪಿಗೆಯ ಕೆಳಗೆ ಬೋಳಾಗಿದ್ದ ನನ್ನ ಕಿವಿಯ ಬದಿ, ಹೆಡಕು ನೋಡಿದವನೇ ಎದೆಯ ಮೇಲೆ ಕೈಯಿಟ್ಟ.

"ಉಮ್ರಾ ಮುಬಾರಕ್, ಭಾಯಿ!"

ಮೆಕ್ಕಾಕ್ಕೆ ಉಮ್ರಾ ಯಾತ್ರೆ ಮಾಡಿದ ಗಂಡಸರು ತಲೆ ಬೋಳಿಸುತ್ತಾರೆ. ಕುವೈತಿನಿಂದ ಬಸ್ಸಿನಲ್ಲೇ ಹೋಗಿ ಬರುವವರು ಬಹಳ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮೂರು ದಿನಾರಿನ ಬಾಡಿಗೆಯನ್ನು ಅವನು ತಾನಾಗಿಯೇ ಎರಡಕ್ಕಿಳಿಸಿದ.

ರಸ್ತೆ ತುಂಬ ಹಬ್ಬ. ಕಾರುಗಳ ಕಿಟಕಿಗಳಲ್ಲಿ ಕೂತ ಹುಡುಗರು ಡಬ್ಬಿಯ ನೊರೆ ಚಿಮ್ಮಿಸುತ್ತಿದ್ದರು, ನೀರು ತುಂಬಿದ ಬಲೂನು ಎಸೆಯುತ್ತಿದ್ದರು. ನನ್ನ ಪಕ್ಕದ ಕಿಟಕಿ ಏರಿಸಲು ಹೋದರೆ ಹಿಡಿಕೆಯೇ ಇಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ಒಂದು ಜೀಪು ಪಕ್ಕಕ್ಕೆ ಬಂತು, ಬಲೂನು ಹಿಡಿದ ಕೈಗಳು ಮೇಲೆದ್ದವು. ನಾನು ಎರಡೂ ಕೈಯನ್ನು ತಲೆಯ ಮೇಲೆ, ತಾಗದಂತೆ, ಛತ್ರಿಯ ಹಾಗೆ ಹಿಡಿದು ಕಣ್ಣು ಮುಚ್ಚಿದೆ. ಪಠಾಣ ಹಾರ್ನಿನ ಮೇಲೆ ಕೈಯೊತ್ತಿ, ನನ್ನ ತಲೆ ತೋರಿಸಿ "ಉಮ್ರಾ! ಉಮ್ರಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಕಣ್ಣು ತೆರೆದಾಗ ಕೈಗಳೆಲ್ಲ ಇಳಿದಿದ್ದವು. ಜೀಪಿನವರು ವಿನಯದಿಂದ ನಮಗೆ ದಾರಿ ಬಿಟ್ಟರು. ಆ ಪುಣ್ಯಕ್ಕೆ ನಾನು ಅರ್ಹನಲ್ಲ, ಆದರೆ ತಲೆ ಉಳಿಯಿತು.

ಇಳಿಯುವಾಗ ಅವನು "ದುವಾ ಮೇ ಯಾದ್ ರಖನಾ" ಅಂದ. ಪ್ರಾರ್ಥನೆಯಲ್ಲಿ ನೆನಪಿಡು ಅಂತ. ಇಡುತ್ತೇನೆ ಅಂದೆ, ಮೂರು ದಿನಾರೇ ಕೊಟ್ಟೆ.

ಅಬ್ಬಾಸಿಯಾದ ಬೀದಿಗಳಲ್ಲಿ ರಜೆಯ ದಿನವೂ ಗಿಜಿಗಿಜಿ. ಶ್ರೀಶೈಲನ ಕಟ್ಟಡದ ಮೆಟ್ಟಿಲಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿ ಹಸಿವಾಯಿತು. ಬಾಗಿಲು ತೆರೆದವನು ಶ್ರೀಶೈಲನೇ. ಬಾಯಿ ತುಂಬ ನಗುತ್ತ ತೆರೆದವನು ನನ್ನನ್ನು ನೋಡಿ ನಗು ನಿಲ್ಲಿಸಿ ದಾರಿ ಬಿಟ್ಟ. ಒಳಗೆ ಹಿಟ್ಟಿನ ಕೈಯಲ್ಲಿದ್ದ ಮೂವರೂ ಎದ್ದು ನಿಂತರು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮುಂಜಾನಿಂದ ಫೋನ್ ಹಚ್ಚಾಕತ್ತೇನಿ, ಬಂದ್ ಐತಿ" ಅಂದ ಶ್ರೀಶೈಲ ಸಣ್ಣ ದನಿಯಲ್ಲಿ. "ನನಗರ ಒಂದು ಮಾತು ಹೇಳಬಾರದೇನೋ?"

ತಲೆಯ ಗುಟ್ಟು ಬಯಲಾಯಿತೆಂದುಕೊಂಡೆ. "ನಾಚಿಕಿ ಆತಪಾ" ಅಂದೆ.

"ಇದರಾಗ ನಾಚಿಕಿ ಎಂಥಾದ್ದು?" ಅವನು ನನ್ನ ಎರಡೂ ಕೈ ಹಿಡಿದ. ಅವನ ಕಣ್ಣು ತುಂಬಿದ್ದವು. "ಧೈರ್ಯ ತಗೋ. ಅಪ್ಪಾರು ಭಾಳ ಛಲೋ ಮನಿಷ್ಯಾ ಇದ್ರು."

ಇದ್ರು. ಅದಾರ ಅನ್ನಲಿಲ್ಲ. ಕೂಡಲೇ ಎಲ್ಲ ಹೊಳೆಯಿತು: ನಾನು ನಾಲ್ಕು ದಿನ ಫೋನು ಬಂದ್ ಇಟ್ಟಿದ್ದೆ, ಅವ್ವನ ಹತ್ತಿರ ಶ್ರೀಶೈಲನ ನಂಬರಿತ್ತು, ಸುದ್ದಿ ಇವನಿಗೆ ಬಂದಿದೆ. ಅಲ್ಲಿ ಅಪ್ಪ ಹೋಗಿದ್ದಾನೆ, ಇಲ್ಲಿ ನಾನು ಕೂದಲು ನೆಡಿಸಿಕೊಳ್ಳುತ್ತ ಮಲಗಿದ್ದೆ. ಹಾಸಿಗೆಯ ಅಂಚಿಗೆ ಕುಸಿದು ಮಕ್ಕಳ ಹಾಗೆ ಅತ್ತೆ. ತಲೆ ಬಗ್ಗಿಸಬಾರದು ಎಂಬುದು ಮರೆತೇಹೋಯಿತು. ಒಬ್ಬ ಬೆನ್ನು ಸವರಿದ, ಒಬ್ಬ ನೀರು ತಂದ, ಮೂಲೆಯಲ್ಲಿದ್ದ ಸಂಗಪ್ಪ ಎಂಬವನು ನನಗಿಂತ ಜೋರಾಗಿ ಅತ್ತ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ, "ಫೋನ್ ಯಾರು ಮಾಡಿದ್ರು? ಅವ್ವನೇನು?"

"ಯಾರಿಗೆ?"

"ನಿನಗ."

"ನನಗ್ಯಾರು ಮಾಡ್ಯಾರ? ನಿನಗ ಬಂದಿರಬೇಕಲ್ಲ ಫೋನು" ಅಂದ ಶ್ರೀಶೈಲ.

"ನನಗ ಯಾರೂ ಮಾಡಿಲ್ಲ. ಮತ್ತ ಅಪ್ಪ ತೀರಿಕೊಂಡಿದ್ದು ನಿನಗ ಹೆಂಗ ಗೊತ್ತಾತು?"

ಶ್ರೀಶೈಲ ಉಳಿದವರ ಮುಖ ನೋಡಿದ. ಆಮೇಲೆ ಬೆರಳೆತ್ತಿ ತೋರಿಸಿದ. "ನಿನ್ನ ತಲಿ ನೋಡಿ."

ನಮ್ಮ ಕಡೆ ತಂದೆ ತೀರಿದರೆ ಮಗ ತಲೆ ಬೋಳಿಸುತ್ತಾನೆ. ಹಿಂದಿನ ವರ್ಷ ಸಂಗಪ್ಪನಿಗೆ ಹಾಗೇ ಆಗಿತ್ತು. ಊರಿಗೆ ಹೋಗಲು ರಜೆ ಸಿಗದೆ, ಕೆಳಗಿನ ಕಟಿಂಗ್ ಅಂಗಡಿಯಲ್ಲೇ ತಲೆ ಬೋಳಿಸಿಕೊಂಡು, ಇದೇ ರೂಮಿನಲ್ಲಿ ದಿನಕರ್ಮದ ತನಕ ಕೂತಿದ್ದ. ಅಪ್ಪನಿಗೆ ಸ್ಟೆಂಟ್ ಹಾಕಿದ್ದು ಇವರಿಗೆಲ್ಲ ಗೊತ್ತಿತ್ತು. ಬೋಳು ತಲೆ, ಅತ್ತು ಊದಿದಂಥ ಕಣ್ಣು, ಬಂದ್ ಇದ್ದ ಫೋನು. ಇನ್ನೇನು ತಿಳಿಯಬೇಕು ಅವರು?

ಅರ್ಥವಾಯಿತು, ಆದರೂ ಜೀವ ತಡೆಯಲಿಲ್ಲ. ಶ್ರೀಶೈಲನಿಗೆ ಬಂದಿಲ್ಲವೆಂದರೆ ಸುದ್ದಿಯೇ ಇಲ್ಲವೆಂದು ಹೇಗೆ ನಂಬುವುದು? ಫೋನು ಚಾಲೂ ಮಾಡಿ ಅವ್ವನ ನಂಬರಿಗೆ ಹಚ್ಚಿದೆ. ಗಂಟೆ ಹೊಡೆಯುತ್ತಲೇ ಇತ್ತು. ಕೊನೆಗೆ ಎತ್ತಿದರು.

"ಯಾರಂವಾ? ಆಕಿ ಗಿರಣಿಗೆ ಹೋಗ್ಯಾಳ."

ಅಪ್ಪನ ಗೊಗ್ಗರು ದನಿ. ಅಪ್ಪಾ ಅನ್ನುವಷ್ಟರಲ್ಲಿ ಮತ್ತೆ ಅಳು ಬಂತು.

"ಏನಲೇ, ನೀ ಏನು? ಶಟ್‌ಡೌನ್ ಮುಗೀತೇನ? ಮಾತ ಬರವಲ್ಲದೇನ?"

"ಉಂಡ್ಯಾ ಅಪ್ಪಾ?"

"ನಾಕೂವರಿಗೆ ಯಾತರ ಊಟಾಲೇ?" ಎಂದು ಬೈದ. ಊರಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದು.

ಅಷ್ಟು ಸಿಹಿ ಬೈಗುಳ ಅದಕ್ಕೂ ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ. ನಾಳೆ ಮಾತಾಡುತ್ತೇನೆ ಎಂದು ಇಟ್ಟೆ. ತಲೆಯ ಮೇಲೆ ಒಂದೇ ಒಂದು ಕೂದಲು ಬೆಳೆಯದಿದ್ದರೂ ಸರಿ ಅನ್ನಿಸಿತು. ಮೈಯೆಲ್ಲ ಹಗುರಾಗಿ ನಾನು ನಕ್ಕೆ, ಅವರೂ ನಕ್ಕರು, ಸಂಗಪ್ಪ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಬಾಯಿಗೆ ಬಂದಂತೆ ಬೈದ. ಆಮೇಲೆ ಟೊಪ್ಪಿಗೆ ತೆಗೆಸಿ ಎಲ್ಲರೂ ಸರದಿಯಲ್ಲಿ ತಲೆ ನೋಡಿದರು. "ನಾಟಿ ಛಲೋ ಆಗೇತಿ, ಸುಗ್ಗಿ ಯಾವಾಗ?" ಅಂದ ಒಬ್ಬ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಷ್ಟು ಊಟವನ್ನು ನಾನು ಕುವೈತಿನಲ್ಲಿ ಮಾಡಿದ್ದು ಅದೇ ಮೊದಲು.

ಸೋಮವಾರ ಮಧ್ಯಾಹ್ನ ಫಹಾಹೀಲಿನ ಮೇಲೆ ಮೀನಾ ಅಬ್ದುಲ್ಲಾಕ್ಕೆ ಹೊರಟೆ. ಶ್ರೀಶೈಲ ಬಸ್ ಸ್ಟಾಪಿನ ತನಕ ಬಂದ. ಬಾವು ಕೆನ್ನೆಗಿಳಿದು ಕಣ್ಣು ಅರ್ಧ ತೆರೆದಿದ್ದವು. ಹತ್ತು ದಿನ ಹೆಲ್ಮೆಟ್ಟು ಬೇಡವೆಂಬ ಡಾಕ್ಟರರ ಚೀಟಿ ಕಿಸೆಯಲ್ಲಿತ್ತು. ಹಲ್ಲು ಕೀಳಿಸಿದ್ದಕ್ಕೆ ತಲೆ ಯಾಕೆ ಬೋಳು ಎಂದು ಸೂಪರ್‌ವೈಸರ್ ಕೇಳಿಯೇ ಕೇಳುತ್ತಾನೆ, ಕೇಳಲಿ ಅಂದುಕೊಂಡೆ. ರಿಫೈನರಿಯ ಚಿಮಣಿಗಳು ಕಾಣುವ ಹೊತ್ತಿಗೆ ಫೋನು ರಿಂಗಾಯಿತು. ಅಪ್ಪ.

"ನಿನ್ನೆ ಯಾಕ ಅಳಾಕತ್ತಿದ್ದಿ? ಖರೇ ಹೇಳು."

ಹಿಂದಿನ ದಿನ ಅಷ್ಟು ಹೊತ್ತು ಅಪ್ಪ ಇಲ್ಲವೆಂದು ನಂಬಿದ್ದವನಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಕೂದಲಿನ ಕಥೆ, ಬಂದ್ ಇಟ್ಟ ಫೋನು, ರೂಮಿನಲ್ಲಿ ನಡೆದ ಶೋಕ, ಒಂದನ್ನೂ ಬಿಡಲಿಲ್ಲ. ಮುಗಿಸಿ ಅಪ್ಪನ ಮಾತಿಗೆ ಕಾದೆ. ನೊಂದನೋ, ಸಿಟ್ಟಾದನೋ ತಿಳಿಯಲಿಲ್ಲ. ಬಸ್ಸು ನನ್ನ ಸ್ಟಾಪು ದಾಟಿತು, ನಾನು ಏಳಲಿಲ್ಲ.

"ಪೂರಾ ಬೆಳೀಲಿಕ್ಕೆ ಎಷ್ಟ ದಿನ ಬೇಕಂತ?" ಅಂತ ಕೇಳಿದ.

"ಒಂದು ವರ್ಷ."

"ಹಂಗಾದ್ರ ಇನ್ನ ನಾ ಗಟ್ಟಿ ಇರಬೇಕಾತು ಬಿಡು" ಅಂದ ಅಪ್ಪ. "ಇಷ್ಟ ತ್ರಾಸ ತಗೊಂಡು ನೆಡಸಿದ್ದನ್ನ ನನ್ನ ಸಲುವಾಗಿ ಬೋಳಸೂದಂದ್ರ ಲುಕ್ಸಾನಲೇ."