ಪಾಸ್‌ಪೋರ್ಟ್ ನಮ್ಮದು, ಕೊಡಿ

ಗಲ್ಫಿನ ಈ ನಗರದಲ್ಲಿ ಇಳಿದ ದಿನ, ವಿಮಾನ ನಿಲ್ದಾಣದ ಬಾಗಿಲಲ್ಲೇ ಆಸ್ಪತ್ರೆಯ ಮನುಷ್ಯನೊಬ್ಬ ಕೈಚಾಚಿ ನಿಂತಿದ್ದ. ಕೈಕುಲುಕಲು ಎಂದುಕೊಂಡೆ. ಅವನು ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಚೀಲಕ್ಕೆ ಹಾಕಿದ. ಅದೇ ಹೊತ್ತಿಗೆ ಬಂದಿಳಿದ ಐರ್ಲೆಂಡಿನ ನರ್ಸ್‌ಗೆ ಬೇರೆ ಕಾರು ಬಂದಿತ್ತು. ಅವಳ ಪಾಸ್‌ಪೋರ್ಟನ್ನು ಯಾರೂ ಕೇಳಲಿಲ್ಲ.

ನಾನು ಶೆಟ್ಟಿಕೆರೆಯವಳು, ತಿಪಟೂರಿನಲ್ಲಿ ನರ್ಸಿಂಗ್ ಕಲಿತವಳು. ಇಲ್ಲಿ ನನಗೂ ಆ ಐರ್ಲೆಂಡಿನವಳಿಗೂ ಒಂದೇ ವಾರ್ಡು, ಒಂದೇ ಪಾಳಿ. ಆದರೆ ಅವಳಿಗೆ ಸಮುದ್ರ ಕಾಣುವ ಮನೆ, ಜೊತೆಗೆ ಗಂಡ, ಮಕ್ಕಳು. ನಮ್ಮಂಥ ದೇಶಗಳಿಂದ ಬಂದವರಿಗೆ ಕಿಟಕಿ ತೆರೆಯಲಾಗದ ಕೋಣೆಯಲ್ಲಿ ಒಂದೊಂದು ಮಂಚ. ಸಂಬಳ ನಿಗದಿಯಾಗುವುದು ಕೆಲಸ ನೋಡಿ ಅಲ್ಲ, ಹುಟ್ಟಿದ ದೇಶ ನೋಡಿ.

ಪಕ್ಕದ ಮಂಚದ ನರ್ಸ್ ಹಲೀಮಾ ಕೀನ್ಯಾದ ಕಡಲತೀರದವಳು. ಅವಳೂರಿನಲ್ಲೂ ತೆಂಗು, ಕಾಯಿಗೆ ‘ನಾಜಿ’ ಎನ್ನುತ್ತಾರೆ. ಅವಳು ಕಾಯಿಹಾಲಿನಲ್ಲಿ ಕಾಳು ಬೇಯಿಸಿದರೆ, ನಾನು ಊರಿಂದ ತಂದ ಕೊಬ್ಬರಿ ಚಟ್ನಿಪುಡಿ ಬಡಿಸುತ್ತಿದ್ದೆ. ನಮ್ಮ ಕೊಬ್ಬರಿಗೆ ಬೆಲೆ ಕಟ್ಟುವವರು ನಾವಲ್ಲ ಎಂದಾಗ, “ನಮ್ಮದಕ್ಕೂ ಅಷ್ಟೇ” ಎಂದು ನಕ್ಕಳು.

ಆ ಹಲೀಮಾಳ ಮಗಳು ಊರಲ್ಲಿ ಆಸ್ಪತ್ರೆ ಸೇರಿದಳು. ಅವಳು ರಜೆ, ಪಾಸ್‌ಪೋರ್ಟ್ ಕೇಳಲು ಹೋದರೆ ಮ್ಯಾನೇಜರ್, “ನಿಮ್ಮ ಕಡೆಯವರು ಹೋದರೆ ಬರಲ್ಲ. ಖಲಾಸ್” ಎಂದ. ನಮ್ಮ ಸಂತೆಯಲ್ಲೂ ಕೇಳಿದ ಪದವೇ. ಇಲ್ಲಿ ಮಾತು ಮುಗಿಸಿ ಬಾಗಿಲು ಹಾಕಲು ಬಳಸುತ್ತಾರೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ನಿಂಗ್ಯಾಕವ್ವ ಊರೋರ ತಂಟೆ? ತಲೆ ಬಗ್ಗಿಸ್ಕಂಡು ಕೆಲ್ಸ ಮಾಡ್ಕಂಡು ಬಂದ್ಬುಡು.”

“ಕೆಲ್ಸ ಮಾಡೋಕ್ ಬಂದಿವ್ನಿ ಕಣವ್ವ, ತಲೆ ಬಗ್ಸೋಕಲ್ಲ.”

ಅವ್ವ ದನಿ ತಗ್ಗಿಸಿ, “ಆ ಮಗೀಗೆ ಏನಾಗೈತೆ?” ಎಂದಳು.

ಮರುದಿನ ಪಾಳಿ ಮುಗಿದ ಮೇಲೆ ಕೋಣೆಯವರೆಲ್ಲ ಬಸ್ ಹತ್ತದೆ ಕಚೇರಿಯ ಮುಂದೆ ನಿಂತೆವು. ಐರ್ಲೆಂಡಿನವಳು ಏನಾಯಿತೆಂದು ಕೇಳಿದಳು. ಹೇಳಿದೆ. “ನಿಮ್ಮ ಪಾಸ್‌ಪೋರ್ಟ್ ನಿಮ್ಮ ಬಳಿ ಇಲ್ಲವೇ?” ಎಂದು ಬೆರಗಾದಳು. ಅವಳೂ ಬಂದು ನಿಂತಳು. ಮ್ಯಾನೇಜರ್ ಹೊರಬಂದು ನೋಡಿದ್ದು ಅವಳ ಮುಖವನ್ನೇ. ಹಲೀಮಾಳ ಪಾಸ್‌ಪೋರ್ಟ್ ಬಂತು. ಐರ್ಲೆಂಡಿನವಳು ನಿಲ್ಲದಿದ್ದರೆ ಬರುತ್ತಿತ್ತೇ? ಆ ಪ್ರಶ್ನೆ ನನ್ನನ್ನು ಈಗಲೂ ಚುಚ್ಚುತ್ತದೆ. ಅದಕ್ಕೇ ನಾನು ಕದಲಲಿಲ್ಲ. “ನನ್ನದೂ ಕೊಡಿ” ಎಂದೆ. ಹಿಂದಿದ್ದವರೂ ಒಬ್ಬೊಬ್ಬರಾಗಿ ಕೇಳಿದರು. ಕತ್ತಲಾಗುವ ಹೊತ್ತಿಗೆ ಎಲ್ಲರದೂ ಕೈಗೆ ಬಂತು.

ಹಲೀಮಾಳ ಮಗಳು ಗುಣವಾದಳು. ಊರಿಗೆ ಹೋದದ್ದಕ್ಕೆ ಹಲೀಮಾಳ ಕೆಲಸ ಮಾತ್ರ ಹೋಯಿತು.

ಕಳೆದ ಸಲ ಊರಿಗೆ ಹೋದಾಗ, ಬಸ್ಸಿಳಿಯುತ್ತಲೇ ಪಕ್ಕದ ಮನೆ ಗೌರಮ್ಮ, “ಯಾವಾಗ್ ಬಂದ್ಯವ್ವ, ಯಾವಾಗ್ ಹೋಗ್ತೀಯ?” ಎಂದು ಒಂದೇ ಉಸಿರಿಗೆ ಕೇಳಿದರು. ಗಲ್ಫಿನಲ್ಲಿ ನಾನು ಹೋದರೆ ಬಾರದವಳು. ಊರಲ್ಲಿ ಬಂದರೂ ಹೋಗುವವಳು.

“ನಂಗಿಷ್ಟ ಬಂದಾಗ ಕಣಮ್ಮ” ಎಂದೆ, ಜೋರಾಗಿಯೇ. ಬ್ಯಾಗಿನಲ್ಲಿ ವಾಪಸು ಹೋಗುವ ತಾರೀಖು ಬಿದ್ದ ಟಿಕೆಟ್ಟಿತ್ತು.