ಅಪ್ಪ ಪಾಳಿಗೆ ಕುಳಿತ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಎಲ್ಲರ ಕೈಯೂ ನೀಲಿ. ರಾಯದುರ್ಗದಲ್ಲಿ ಆಗ ಮನೆಮನೆಗೂ ಜೀನ್ಸ್ ಪ್ಯಾಂಟಿನ ಹೊಲಿಗೆ ಬಂದಿತ್ತು. ಹೊಸ ಬಟ್ಟೆಯ ಬಣ್ಣ ಬೆರಳಿಗೆ, ಉಗುರಿಗೆ, ಕೊನೆಗೆ ತಿನ್ನುವ ರೊಟ್ಟಿಗೂ ಹತ್ತುತ್ತಿತ್ತು. ನನ್ನ ತಮ್ಮ ಮೂಗು ಒರೆಸಿಕೊಂಡರೆ ಕೆನ್ನೆಯ ಮೇಲೊಂದು ನೀಲಿ ಗೆರೆ. ಅಪ್ಪ ಅಮ್ಮ ಇಬ್ಬರೂ ಮಡಕಶಿರಾದ ಆಚೆ, ರೊಳ್ಳದ ಕಡೆಯವರು. ಅವರ ಊರಿನ ಅರ್ಧ ಜನ ಕೂಲಿಗೆಂದು ಬೆಂಗಳೂರಿನ ಬಸ್ಸು ಹತ್ತಿದರೆ, ಇವರು ಒಂದು ಟ್ರಂಕು, ಎರಡು ಪಾತ್ರೆ ಹಿಡಿದುಕೊಂಡು ಇಲ್ಲಿಗೆ ಬಂದಿದ್ದರು.

ಅಪ್ಪ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿಯುತ್ತಿದ್ದ. ಅಮ್ಮ ಮನೆಗೇ ಪೀಸು, ಅಂದರೆ ಹೊಲಿಗೆಯ ಬಟ್ಟೆ ತುಂಡುಗಳನ್ನು ತಂದು ದಾರ ಕತ್ತರಿಸುತ್ತಿದ್ದಳು, ಬೆಲ್ಟಿನ ಪಟ್ಟಿ ಹೊಲಿಯುತ್ತಿದ್ದಳು. ಬೆಳಗಾದರೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮಿಷನ್ನುಗಳ ಸದ್ದು. ಬಾಗಿಲು ಹಾಕಿಕೊಂಡರೂ ಅದು ಗೋಡೆಯೊಳಗಿಂದ ಬರುತ್ತಿತ್ತು. ನಾವು ಅದರಲ್ಲೇ ಉಣ್ಣುತ್ತಿದ್ದೆವು, ಅದರಲ್ಲೇ ಪಾಠ ಓದುತ್ತಿದ್ದೆವು.

ದೊಡ್ಡವರೆಲ್ಲ ಹೊಲಿಗೆಗೆ ಕುಳಿತರೆ ಚಿಕ್ಕ ಮಕ್ಕಳನ್ನು ನೋಡುವವರು ಯಾರು? ಮೊದಮೊದಲು ಅವು ಮಿಷನ್ನಿನ ಕೆಳಗೇ ಹರಿದಾಡುತ್ತಿದ್ದವು. ಒಂದು ದಿನ ಒಂದು ಮಗುವಿನ ಬೆರಳಿಗೆ ಸೂಜಿ ಇಳಿಯಿತು. ಅದಾದ ಮೇಲೆ ಓಣಿಯ ಹೆಂಗಸರು ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಮಕ್ಕಳನ್ನೆಲ್ಲ ಭಜನೆ ಮಂದಿರದ ಪಡಸಾಲೆಯಲ್ಲಿ ಬಿಡುವುದು, ದಿನಕ್ಕೊಂದು ಮನೆಯವರು ಅವರನ್ನು ನೋಡಿಕೊಳ್ಳುವುದು. ಇದಕ್ಕೆ ಪಾಳಿ ಅನ್ನುತ್ತಿದ್ದರು. ಪಾಳಿಗೆ ಕುಳಿತ ಹೆಂಗಸಿನ ಅಂದಿನ ಪೀಸುಗಳನ್ನು ಉಳಿದವರು ಹಂಚಿಕೊಂಡು ಮುಗಿಸಿಕೊಡುತ್ತಿದ್ದರು. ಮಕ್ಕಳಿಗೆ ರಾಗಿ ಅಂಬಲಿಯನ್ನೂ ಎಲ್ಲ ಮನೆಯವರು ಸೇರಿಯೇ ಕಳಿಸುತ್ತಿದ್ದರು. ಪಾಳಿ ತಪ್ಪಿಸಿದ ಮನೆಯ ಮಕ್ಕಳಿಗೆ ಮಾತ್ರ ಮರುದಿನದಿಂದ ಅಲ್ಲಿ ಜಾಗವಿಲ್ಲ. ಕಠಿಣ ಅನ್ನಿಸಬಹುದು. ಆದರೆ ಒಬ್ಬರು ತಪ್ಪಿಸಿದರೆ ಇನ್ನೊಬ್ಬರೂ ತಪ್ಪಿಸುತ್ತಾರೆ, ಆಮೇಲೆ ಮಕ್ಕಳು ಮತ್ತೆ ಸೂಜಿಯ ಕೆಳಗೇ.

ಯುಗಾದಿ ಹತ್ತಿರ ಬಂದಿತ್ತು. ಪೇಟೆಯಿಂದ ಒಂದರ ಮೇಲೊಂದು ಆರ್ಡರು, ಓಣಿಯವರಿಗೆಲ್ಲ ಕಣ್ಣು ಕೆಂಪು. ಆಗಲೇ ಅಮ್ಮ ಜ್ವರ ಹಿಡಿದು ಮಲಗಿದಳು, ನಮ್ಮ ಪಾಳಿಯೂ ಬಂತು. ಅಮ್ಮನಿಗೆ ಆಗದಿದ್ದರೆ ಅಕ್ಕ ಕೂರಬೇಕು, ನಾನಿನ್ನೂ ಚಿಕ್ಕವಳು. ಅದೇ ದಿನ ಅಕ್ಕನಿಗೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ. ಅದನ್ನು ತಪ್ಪಿಸಿದರೆ ಅವಳ ಶಾಲೆ ಅಲ್ಲಿಗೇ ಮುಗಿದಂತೆ ಎಂದು ನನಗೂ ಗೊತ್ತಿತ್ತು. ನಮ್ಮ ಓಣಿಯಲ್ಲಿ ಒಮ್ಮೆ ಶಾಲೆ ಬಿಟ್ಟ ಹುಡುಗಿ ಮತ್ತೆ ಹೋದದ್ದನ್ನು ನಾನು ಕಂಡಿರಲಿಲ್ಲ. ಅವಳಿಗೊಂದು ಕತ್ತರಿ ಕೊಟ್ಟು ದಾರ ಕತ್ತರಿಸಲು ಕೂರಿಸುತ್ತಿದ್ದರು, ಅಷ್ಟೇ.

ಅಕ್ಕ ಅಳಲಿಲ್ಲ. ಪುಸ್ತಕಗಳನ್ನು ಜೋಡಿಸಿ ಗೂಡಿನಲ್ಲಿಟ್ಟು, ಅವುಗಳ ಮೇಲೆ ಅಮ್ಮನ ಹಳೆಯ ಸೀರೆ ಮುಚ್ಚಿದಳು. ಅಪ್ಪ ಅದನ್ನು ನೋಡಿದ. ಅವನು ಮಾತು ಕಡಿಮೆಯ ಮನುಷ್ಯ.

"ನಾನೇ ಕೂತ್ಕಂತೀನಿ ಬಿಡು. ನೀನು ಹೋಗಿ ಬರಿ," ಅಂದ.

ಗಂಡಸು ಪಾಳಿಗೆ ಕುಳಿತದ್ದೇ ಇರಲಿಲ್ಲ. ಅಮ್ಮ ಮಲಗಿದಲ್ಲಿಂದಲೇ ಬೇಡವೆಂದಳು. ಓಣಿಯವರು ನಗುತ್ತಾರೆ ಎನ್ನುವುದು ಅವಳ ಒಂದು ಚಿಂತೆ. ಅಪ್ಪನ ಕೆಲಸ ಯಾರು ಮಾಡುತ್ತಾರೆ ಎನ್ನುವುದು ಇನ್ನೊಂದು. ಹೆಂಗಸರ ಪೀಸುಗಳನ್ನಾದರೆ ಹಂಚಿಕೊಳ್ಳುತ್ತಿದ್ದರು, ಕಾರ್ಖಾನೆಯ ಹೊಲಿಗೆ ಆ ಏರ್ಪಾಡಿನಲ್ಲಿ ಇರಲಿಲ್ಲ. ಕೇಳಲು ಅಪ್ಪನಿಗೆ ಸಂಕೋಚ. ಹಿಂದಿನ ರಾತ್ರಿಯೆಲ್ಲ ಕಾರ್ಖಾನೆಯಲ್ಲೇ ಕುಳಿತು ತನ್ನ ಪಾಲಿನ ಪ್ಯಾಂಟುಗಳನ್ನು ಹೊಲಿದು ಮುಗಿಸಿ, ಮುಖ ತೊಳೆದು ನೇರವಾಗಿ ಭಜನೆ ಮಂದಿರಕ್ಕೆ ಬಂದ.

ತಾಯಂದಿರು ಮಕ್ಕಳನ್ನು ಬಿಡಲು ಅನುಮಾನಿಸಿದರು. ಬಿಟ್ಟು ಹೋದವರೂ ಎರಡೆರಡು ಸಲ ತಿರುಗಿ ನೋಡಿದರು. ಅಪ್ಪ ಮಾತ್ರ ತನಗೆ ಗೊತ್ತಿದ್ದ ರೀತಿಯಲ್ಲೇ ಕೆಲಸ ಶುರು ಮಾಡಿದ. ಬಟ್ಟೆ ಕತ್ತರಿಸಿದ ಮೇಲೆ ತುಂಡುಗಳು ಅದಲುಬದಲಾಗಬಾರದೆಂದು ಒಂದೊಂದಕ್ಕೂ ನಂಬರಿನ ಸ್ಟಿಕ್ಕರ್ ಅಂಟಿಸುತ್ತಾರೆ. ಅದರ ಒಂದು ಸುರುಳಿ ಅಪ್ಪನ ಜೇಬಿನಲ್ಲಿತ್ತು. ಓಣಿಯ ಮೊದಲ ಮನೆಯಿಂದ ಹಿಡಿದು ವರಸೆಯಾಗಿ ಪ್ರತಿ ಮಗುವಿನ ಅಂಗಿಗೂ ಒಂದೊಂದು ನಂಬರು ಅಂಟಿಸಿದ. ಮಕ್ಕಳಿಗೆ ಭಾರಿ ಖುಷಿ. ನಮ್ಮ ತರಗತಿಗೆ ರಜೆಯೆಂದು ತಮ್ಮನ ಜೊತೆ ಬಂದಿದ್ದ ನನಗೂ ಅಪ್ಪ ಎಷ್ಟು ಜಾಣ ಅನ್ನಿಸಿತು.

ಬಿಸಿಲು ಏರಿತು. ಬೆಟ್ಟದ ಕಡೆಯಿಂದ ಕಾದ ಗಾಳಿ ಬೀಸತೊಡಗಿತು. ಅಪ್ಪ ಮಕ್ಕಳಿಗೆ ಅಂಬಲಿ ಕುಡಿಸಿದ, ಮೂತಿ ಒರೆಸಿದ, ಚಡ್ಡಿ ಬದಲಿಸಿದ. ಮಕ್ಕಳು ಅವನ ಬೆನ್ನೇರಿದವು. ನಾನು ಅಮ್ಮನಿಗೆ ಗಂಜಿ ಕೊಟ್ಟುಬರಲು ಮನೆಗೆ ಹೊರಟಾಗ ಅಪ್ಪ ಕಂಬಕ್ಕೆ ಒರಗಿ ನಂಬರುಗಳನ್ನು ವರಸೆಯಾಗಿ ನೋಡುತ್ತಿದ್ದ. ಎಲ್ಲ ನಂಬರುಗಳೂ ಇದ್ದವು. ಅವನ ಮುಖ ಸಡಿಲವಾಯಿತು.

ನಾನು ತಿರುಗಿ ಬರುವಷ್ಟರಲ್ಲಿ ಅಪ್ಪ ಕುಳಿತಲ್ಲೇ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ತೊಡೆಯ ಮೇಲೊಂದು ಮಗು ಮಲಗಿತ್ತು. ನಾವು ಅತ್ತೆ ಎಂದು ಕರೆಯುತ್ತಿದ್ದ ಎದುರುಮನೆಯವಳ ಮಗ ಮಾತ್ರ ಕಾಣಲಿಲ್ಲ. ಅವನು ಅಮ್ಮ ಬೇಕೆಂದು ದಿನವೂ ರಾಗ ಎಳೆಯುವ ಹುಡುಗ. ಅವನ ರಾಗ ಕೇಳಿಸದಿದ್ದರಿಂದಲೇ ನನಗೆ ಗೊತ್ತಾದದ್ದು. ಅಪ್ಪನನ್ನು ಅಲುಗಾಡಿಸಿ ಎಬ್ಬಿಸಿದೆ. ಅವನು ಗಾಬರಿಯಿಂದ ಸ್ಟಿಕ್ಕರುಗಳನ್ನೇ ನೋಡತೊಡಗಿದ.

"ನಂಬರೆಲ್ಲಾ ಅವೆಯಲ್ಲ," ಅಂದ.

ಇದ್ದವು ನಿಜ. ನನ್ನ ತಮ್ಮನ ಅಂಗಿಯ ಮೇಲೆ ಎರಡಿದ್ದವು. ಚೆಂದ ಕಂಡಿತೆಂದು ಆ ಹುಡುಗನದ್ದನ್ನೂ ಕಿತ್ತು ತಾನೇ ಅಂಟಿಸಿಕೊಂಡಿದ್ದ. ಕಾರ್ಖಾನೆಯಲ್ಲಿ ನಂಬರು ಇದೆ ಅಂದರೆ ಪೀಸು ಇದೆ ಅಂತಲೇ ಅರ್ಥ. ಬಟ್ಟೆಗೆ ಕೈ ಇಲ್ಲ, ಕಾಲಿಲ್ಲ, ಮಕ್ಕಳಿಗಿವೆ. ಇಷ್ಟು ಸಣ್ಣ ವಿಷಯ ದಣಿದ ತಲೆಗೆ ಹೊಳೆದಿರಲಿಲ್ಲ.

ಓಣಿಯ ತುದಿಗೆ ಬಳ್ಳಾರಿ ರಸ್ತೆ. ಅಲ್ಲಿ ಹಗಲೆಲ್ಲ ಲಾರಿಗಳು. ಅಪ್ಪ ಬರಿಗಾಲಲ್ಲಿ ಅತ್ತ ಓಡಿದ. ನಾನು ಅಳುತ್ತಾ ಅತ್ತೆಯ ಮನೆಗೆ ಓಡಿದೆ. ಅವಳ ಮಿಷನ್ನು ನಿಂತಿತು. ಪಕ್ಕದ ಮನೆಯದು ನಿಂತಿತು, ಅದರ ಪಕ್ಕದ್ದೂ. ನೋಡನೋಡುತ್ತಿದ್ದಂತೆ ಇಡೀ ಓಣಿ ಸದ್ದಡಗಿತು. ಹಗಲು ಹೊತ್ತಿನಲ್ಲಿ ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ದೂರದ ರಸ್ತೆಯ ಲಾರಿ ಹಾರ್ನು ಸ್ಪಷ್ಟವಾಗಿ ಕೇಳಿಸಿತು.

ಹುಡುಗ ಸಿಕ್ಕಿದ್ದು ಅತ್ತೆಯ ಮನೆಯ ಹಿಂದೆಯೇ. ಅಮ್ಮನನ್ನು ಹುಡುಕಿಕೊಂಡು ಬಂದವನು ಹಿತ್ತಲಲ್ಲಿ ಸುರಿದಿದ್ದ ಚಿಂದಿ ಬಟ್ಟೆಯ ರಾಶಿಯಲ್ಲಿ ಹೂತುಕೊಂಡು ನಿದ್ದೆ ಮಾಡುತ್ತಿದ್ದ. ಬೆವರಿಗೆ ಮುಖವೆಲ್ಲ ನೀಲಿಯಾಗಿತ್ತು. ಅತ್ತೆ ಅವನನ್ನು ಎತ್ತಿಕೊಂಡು ಭಜನೆ ಮಂದಿರಕ್ಕೆ ಬಂದಳು. ಎಲ್ಲರೂ ಹಿಂದೆ ಬಂದರು. ರಸ್ತೆಯಿಂದ ತಿರುಗಿ ಬಂದ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅತ್ತೆಗೆ ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದಳು, ಆಗ ಓಣಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು. ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು. ಅವಳು ಅಪ್ಪನ ಕೆಂಪಾದ ಕಣ್ಣುಗಳನ್ನು ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಅಣ್ಣಾ, ರಾತ್ರಿ ಮಲಗಿದ್ರೇನ್ರಿ?"

"ಇಲ್ಲಮ್ಮ. ಪೀಸು ಮುಗಿಸ್ಬೇಕಿತ್ತು."

"ನಾನೂ ಮಲಗಿಲ್ರಿ. ಇವತ್ತ ನಾನೇ ಕುಂತಿದ್ರೂ ನಿದ್ದಿ ಹೋಗ್ತಿದ್ದೆ."

ಜಗಳವಾಡಲು ಯಾರಲ್ಲೂ ಶಕ್ತಿ ಇರಲಿಲ್ಲ. ಅತ್ತೆ ಕುಳಿತಲ್ಲಿಂದಲೇ ಹೇಳಿದಳು: "ಇನ್ನ ಮ್ಯಾಲೆ ಪಾಳಿ ಹಿಂದಿನ ರಾತ್ರಿ ಯಾರೂ ಮಿಷನ್ ಮುಟ್ಟಂಗಿಲ್ಲ. ಗಂಡಸಾಗ್ಲಿ, ಹೆಂಗಸಾಗ್ಲಿ. ಅವ್ರ ಪೀಸು ನಾವ್ ಹಂಚಿಕೊಂತೀವಿ."

ಹೂಂ ಅಂದವರಲ್ಲಿ ಗಂಡಸರೂ ಇದ್ದರು. ಮುಂದೆ ಅವರೂ ಪಾಳಿಗೆ ಕುಳಿತರು. ಮಕ್ಕಳನ್ನು ಆಗಾಗ ಹೆಸರು ಹಿಡಿದು ಕರೆದು ಎಲ್ಲರೂ ಇದ್ದಾರೆಯೇ ಎಂದು ನೋಡುವುದೂ ಅಂದಿನಿಂದಲೇ ಶುರುವಾಯಿತು.

ಅಷ್ಟರಲ್ಲಿ ಅಕ್ಕ ಪರೀಕ್ಷೆ ಮುಗಿಸಿ ಬಂದಳು. ಓಣಿ ಸದ್ದಿಲ್ಲದೆ ಇರುವುದು ನೋಡಿ ಅಮ್ಮನಿಗೇ ಏನೋ ಆಗಿದೆ ಎಂದು ಹೆದರಿ ಓಡಿಬಂದಿದ್ದಳು. ಏನೂ ಆಗಿಲ್ಲವೆಂದು ಹೇಳಿ ಅತ್ತೆ ಪರೀಕ್ಷೆ ಹೇಗಾಯಿತು ಅಂತ ಕೇಳಿದಳು. ಎಲ್ಲ ಬರೆದೆ ಅಂದಳು ಅಕ್ಕ. ಅಪ್ಪ ಅದನ್ನು ಕೇಳಿಸಿಕೊಂಡ, ಅಲ್ಲೇ ನೆಲಕ್ಕೆ ಒರಗಿದ, ಮರುಗಳಿಗೆಗೆ ನಿದ್ದೆ ಹೋದ.

ಎಬ್ಬಿಸಬೇಡಿ ಎಂದು ಅತ್ತೆ ಕೈಸನ್ನೆ ಮಾಡಿದಳು. ಓಣಿಯವರು ಮನೆಗೆ ಹೋಗಿ ಮಿಷನ್ನು ಶುರು ಮಾಡಬಹುದಿತ್ತು. ಮಾಡಲಿಲ್ಲ. ನಿಂತವರು ಕುಳಿತರು, ಕುಳಿತವರು ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿಗೆ ಅತ್ತೆಯೂ ಮಗನನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು. ಯುಗಾದಿಯ ಆರ್ಡರು ಕಾಯುತ್ತಿತ್ತು. ನಮ್ಮ ಓಣಿ ನಿದ್ದೆ ಮಾಡುತ್ತಿತ್ತು. ಉಳಿದ ಪಾಳಿಗೆ ಅಕ್ಕ ಮತ್ತು ನಾನು ಕುಳಿತೆವು, ಮಕ್ಕಳ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸುತ್ತಾ.

ಈಗ ನಿಮ್ಮ ಕಾಲ, ಮಕ್ಕಳೇ. ನಿಮಗೆ ಶಾಲೆಯ ವ್ಯಾನ್ ಇದೆ, ಬಾಗಿಲಿಗೆ ಕ್ಯಾಮೆರಾ ಇದೆ, ನೀವು ಶಾಲೆ ಮುಟ್ಟಿದರೆ ಅಮ್ಮನ ಮೊಬೈಲಿಗೆ ಸಂದೇಶ ಬರುತ್ತದೆ. ನೀವು ಕಳೆದುಹೋಗುವುದಿಲ್ಲ. ಅಜ್ಜಿಯಾದ ನನಗೆ ನಿಜವಾಗಿಯೂ ಸಮಾಧಾನ. ಆದರೆ ಮೊನ್ನೆ ನಿಮ್ಮಮ್ಮ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ನೀವು ಟಿ.ವಿ. ರಿಮೋಟ್ ಎಲ್ಲಿ ಎಂದು ಕೇಳಲು ಅವಳನ್ನು ಎಬ್ಬಿಸಿದಿರಿ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲ, ಅವರಿಗೆ ನನ್ನದು ಗೊತ್ತಿಲ್ಲ. ನನ್ನ ಅಪ್ಪನ ನಿದ್ದೆಯನ್ನು ಒಂದು ಓಣಿ ಕಾದಿತ್ತು. ನಿಮ್ಮಮ್ಮನದನ್ನು ಕಾಯಲು ನಾನೊಬ್ಬಳೇ ಇದ್ದೇನೆ, ನನಗೂ ವಯಸ್ಸಾಯಿತು. ನಾಳೆ ಅವಳು ಬರುವ ಹೊತ್ತಿಗೆ ಬಂದು ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ.